ತೆಂಗಿನ ಕಾಂಡದ ಕುಟ್ಟೆಹುಳುವೂ ಅದರೊಡನಿರುವ ಶಿಲೀಂಧ್ರಗಳೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮಗಳ ಮದುವೆಯಾಗಲಿ ಮಗನ ಓದಾಗಲಿ ನಡೆಯುವುದು ಉಂಡೆಕೊಬ್ಬರಿಯ ಹಣದಿಂದ. ನನ್ನಂತೆ ಮನೆತನದಲ್ಲಿ ಮೊದಲಿಗನಾಗಿ ಕಾಲೇಜಿಗೆ ಬಂದವರ ಶುಲ್ಕವೂ ಬಹುಮಟ್ಟಿಗೆ ಅದರಿಂದಲೇ. ಆದುದರಿಂದ ಫಲ ಕೊಡುವ ಮರ ಕಾಂಡ ಸೋರಿ ಸಾಯುವುದು ನಮಗೆ ಸಣ್ಣ ಸಂಗತಿಯಲ್ಲ. ಸೋರುವ ಕಾಂಡದಲ್ಲಿ ದಬ್ಬಣದಿಂದ ಚುಚ್ಚಿದಂತಹ ರಂಧ್ರಗಳನ್ನೂ ಅವುಗಳಿಂದ ಉದುರುವ ಹುಡಿಯನ್ನೂ ಕಂಡು "ಹುಳ ಬಿದ್ದು ಮರ ಕೆಟ್ಟಿತು" ಎನ್ನುವುದು ವಾಡಿಕೆ. ಈ ಮಾತು ಎಷ್ಟು ನಿಜವೆಂಬುದನ್ನು ವಿಚಾರಿಸೋಣ.

ಈ ಹುಳು ಕುರುವಾಯಿ ಕೀಟವೂ ಅಲ್ಲ, ಕೆಂಪುಮೂತಿ ಹುಳುವೂ ಅಲ್ಲ. ಇದು ಝೈಲೆಬೋರಸ್ ಎಂಬ, 2–3 ಮಿಲಿಮೀಟರ್ ಉದ್ದದ ಕಂದು ದುಂಬಿ. ತೊಗಟೆದುಂಬಿಗಳ ಬಳಗದ್ದಾದರೂ ಮರವನ್ನು ತಿನ್ನುವುದಿಲ್ಲ. ಬಾಯಿಯ ಬಳಿಯ ಪುಟ್ಟ ಚೀಲದಲ್ಲಿ ಶಿಲೀಂಧ್ರದ ಬೀಜಾಣುಗಳನ್ನು ಹೊತ್ತು ತಂದು, ತಾನು ಕೊರೆದ ಸುರಂಗದ ಗೋಡೆಯಲ್ಲಿ ಬೆಳೆಸಿ, ಆ ಬೂಷ್ಟನ್ನು ತಾನೂ ತಿಂದು ಮರಿಗಳಿಗೂ ಉಣಿಸುತ್ತದೆ. ಇಂತಹ ದುಂಬಿಗಳ ಆಹಾರ ಶಿಲೀಂಧ್ರವೆಂದು 1844ರಲ್ಲಿಯೇ ಜರ್ಮನಿಯ ಹಾರ್ಟಿಗ್ ಗುರುತಿಸಿದನು. ತೆಂಗಿನಲ್ಲಿ ಇದು ಸಾಮಾನ್ಯವಾಗಿ ಬೀಳುವುದು ಆಗಲೇ ರೋಗದಿಂದ ಸೊರಗಿದ ಮರಕ್ಕೆ.

ಹಾಗಾದರೆ ಮೊದಲ ರೋಗ ಯಾವುದು? ಎರಡನ್ನು ಮುಖ್ಯವಾಗಿ ಶಂಕಿಸಬೇಕು. ಒಂದು, ಥೀಲೇವಿಯಾಪ್ಸಿಸ್ ಶಿಲೀಂಧ್ರದಿಂದ ಬರುವ ಕಾಂಡ ಸೋರುವ ರೋಗ. ಇದನ್ನು 1906ರಲ್ಲಿ ಸಿಂಹಳದಲ್ಲಿ ಪೆಚ್, 1922ರಲ್ಲಿ ಭಾರತದಲ್ಲಿ ಸುಂದರರಾಮನ್ ವರದಿಮಾಡಿದರು. ಇನ್ನೊಂದು, ಗ್ಯಾನೊಡರ್ಮದಿಂದ ಬರುವ ಅಣಬೆರೋಗ. ಇದು ಬೇರಿನಲ್ಲಿ ಹುಟ್ಟಿ ಬುಡದಿಂದ ಸೋರಿಸುತ್ತದೆ. ಬುಡದಲ್ಲಿ ಅಣಬೆ ಕಾಣುವ ಹೊತ್ತಿಗೆ ರೋಗ ಬಲಿತಿರುತ್ತದೆ.

ಗುರುತಿಸುವ ಕ್ರಮ ಹೀಗಿದೆ. ಕೊಳೆತ ಭಾಗವೂ ಗಟ್ಟಿ ಭಾಗವೂ ಕೂಡುವ ಅಂಚಿನಿಂದ ಚೂರನ್ನು ತೆಗೆಯಬೇಕು. ನಡುವಿನ ಕೊಳೆತದಲ್ಲಿ ಆಮೇಲೆ ಸೇರಿಕೊಂಡ ಬೂಷ್ಟುಗಳೇ ಹೆಚ್ಚು. ಚೂರಿನ ಹೊರಮೈಯನ್ನು ಶುದ್ಧಿಮಾಡಿ ಆಲೂಗೆಡ್ಡೆಯ ಅಗರ್ ಮೇಲಾಗಲಿ, ಕ್ಯಾರೆಟ್ ಬಿಲ್ಲೆಗಳ ನಡುವೆಯಾಗಲಿ ಇಡುತ್ತಾರೆ. ಥೀಲೇವಿಯಾಪ್ಸಿಸ್ ಆದರೆ ಬೇಗ ಹಬ್ಬಿ ಕಪ್ಪಾಗುತ್ತದೆ, ಮಾಗಿದ ಹಣ್ಣಿನಂತೆ ನಾರುತ್ತದೆ. ಸೂಕ್ಷ್ಮದರ್ಶಕದಲ್ಲಿ ಎರಡು ಬಗೆಯ ಬೀಜಾಣು ಕಾಣುತ್ತವೆ: ಕೊಳವೆಯೊಳಗಿಂದ ಒಂದರ ಹಿಂದೊಂದು ಹೊರಬೀಳುವ ತೆಳುವಾದವು, ಮತ್ತು ದಪ್ಪ ಗೋಡೆಯ ಕಂದು ಬಣ್ಣದವು. ಆದರೂ ಕಣ್ಣೊಂದನ್ನೇ ನಂಬುವಂತಿಲ್ಲ. ಬಹುಕಾಲ ಒಂದೇ ಎಂದು ತಿಳಿದಿದ್ದ ಥೀಲೇವಿಯಾಪ್ಸಿಸ್ ಪ್ಯಾರಡಾಕ್ಸದಲ್ಲಿ ಹಲವು ಪ್ರಭೇದಗಳು ಬೆರೆತಿವೆಯೆಂದು 2014ರಲ್ಲಿ ಡಿ.ಎನ್.ಎ. ಹೋಲಿಕೆಯಿಂದ ತಿಳಿಯಿತು. ದುಂಬಿಯ ಮೈಮೇಲೆ ಸಿಕ್ಕಿದ ಮಾತ್ರಕ್ಕೆ ಒಂದು ಶಿಲೀಂಧ್ರ ರೋಗಕಾರಕವೂ ಆಗಲಾರದು. ಅದನ್ನು ಶುದ್ಧವಾಗಿ ಬೆಳೆಸಿ, ಆರೋಗ್ಯವಾದ ಗಿಡಕ್ಕೆ ಸೇರಿಸಿ, ಅದೇ ರೋಗ ಬರಿಸಿ, ಅದರಿಂದ ಮತ್ತೆ ಅದೇ ಶಿಲೀಂಧ್ರವನ್ನು ಪಡೆಯಬೇಕೆಂಬುದು ರಾಬರ್ಟ್ ಕಾಖ್‌ನ ನಿಯಮ.

ಹೆಸರಿನ ಈ ನಿಷ್ಕರ್ಷೆ ಬರಿಯ ಪಾಂಡಿತ್ಯವಲ್ಲ. ಕಾಂಡ ಸೋರುವ ರೋಗವಾದರೆ ಕೆಟ್ಟ ಭಾಗವನ್ನು ಉಳಿಯಿಂದ ಕೆತ್ತಿ ಬೋರ್ಡೋ ಮುಲಾಮು ಹಚ್ಚಬೇಕು. ಅಣಬೆರೋಗವಾದರೆ ಕಾಂಡ ಕೆತ್ತಿ ಫಲವಿಲ್ಲ. ಪಾತಿಗೆ ಬೇವಿನ ಹಿಂಡಿಯೊಡನೆ ಟ್ರೈಕೋಡರ್ಮ ಕೊಟ್ಟು, ನೆರೆಯ ಮರಗಳಿಗೆ ಬೇರಿನ ಮೂಲಕ ಹಬ್ಬದಂತೆ ಸುತ್ತ ಕಂದಕ ತೋಡಬೇಕು. ಹುಳುವೊಂದಕ್ಕೇ ಔಷಧ ಹೊಡೆದರೆ ಎರಡೂ ರೋಗಗಳು ಉಳಿದುಕೊಳ್ಳುತ್ತವೆ. ತೋಟವುಳ್ಳ ಮನೆಗಳಿಂದ ಬಂದ ನಾವು, ಕಲಾ ವಿದ್ಯಾರ್ಥಿಗಳಾದರೂ, ಇಷ್ಟನ್ನು ತಿಳಿದು ಹಿರಿಯರಿಗೆ ಹೇಳಿದರೆ ಕೆಲವು ಮರಗಳಾದರೂ ಉಳಿದಾವು.