ಒಕ್ಕಲುಮನೆಯ ಹೊಲಿಗೆ: ಹೊಲದ ಅಂಗಿಯೂ ಹತ್ತಿಯ ಉಡಿಚೀಲವೂ

ಒಕ್ಕಲುತನದ ಕುಟುಂಬಗಳಲ್ಲಿ ಬೀಜ, ಗೊಬ್ಬರ, ದನಕರುಗಳ ಮೇವು ಮುಂತಾದವುಗಳ ವಿಷಯದಲ್ಲಿ ನಡೆಯುವಷ್ಟು ಮುಂದಾಲೋಚನೆಯು ಮೈಮೇಲಿನ ಅರಿವೆಯ ವಿಷಯದಲ್ಲಿ ನಡೆಯುವುದಿಲ್ಲ. ಹಬ್ಬಕ್ಕೆಂದು ಕೊಂಡ ಅಂಗಿಯು ಹಳೆಯದಾದ ಕೂಡಲೆ ಹೊಲದ ಪಾಲಿಗೆ ಬರುವುದು ವಾಡಿಕೆಯಾಗಿದೆ. ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ಅಂಗಿಯೊಂದನ್ನು ತೊಟ್ಟು ಕಳೆ ತೆಗೆಯುವುದೂ, ಕಬ್ಬು ಕಡಿಯುವುದೂ, ಹತ್ತಿ ಬಿಡಿಸುವುದೂ ಈ ನಾಡಿನಲ್ಲಿ ಅನೇಕ ಕಡೆ ಕಾಣಬರುವ ಸಂಗತಿ. ಬೇರೊಬ್ಬರ ಮೈಗೆ, ಬೇರೊಂದು ಉದ್ದೇಶಕ್ಕೆ ಹೊಲಿದ ಆ ಅಂಗಿಯು ಕೈಯೆತ್ತಿದರೆ ಕಂಕುಳಲ್ಲಿ ಹರಿಯುತ್ತದೆ; ಅದರ ತೋಳು ಒಂದೋ ಮೊಣಕೈಗೇ ನಿಲ್ಲುತ್ತದೆ, ಇಲ್ಲವೆ ಬೆರಳು ಮುಚ್ಚುವಂತೆ ಜೋಲಾಡುತ್ತದೆ.

ಪೇಟೆಯಲ್ಲಿ ಸಿದ್ಧವಾದ ಉಡುಪುಗಳು ಅಗ್ಗವಾಗಿ ದೊರೆಯುವ ಈ ಕಾಲದಲ್ಲಿ ಮನೆಯಲ್ಲಿ ಹೊಲಿಯುವುದರಿಂದ ಹಣದ ಉಳಿತಾಯವು ಎಲ್ಲ ಸಂದರ್ಭಗಳಲ್ಲಿಯೂ ಆಗುವುದೆಂದು ಹೇಳಲಾಗದು. ಆದರೆ ಮಾರುವವನು ನೋಟಕ್ಕೆ ತಕ್ಕಂತೆ ಹೊಲಿಸುತ್ತಾನೆ; ಹೊಲದ ಕೆಲಸಕ್ಕೆ ತಕ್ಕಂತೆ ಹೊಲಿಸುವವನು ವಿರಳ. ಈ ಕೊರತೆಯನ್ನು ಮನೆಯ ಸೂಜಿಯೇ ತುಂಬಬೇಕು. ಆದಕಾರಣ ಒಂದು ಮೇಲಂಗಿಯನ್ನೂ, ಹತ್ತಿ ಬಿಡಿಸುವ ಒಂದು ಉಡಿಚೀಲವನ್ನೂ ಹೊಲಿಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಅರಿವೆಗೂ ಅಪಾಯಕ್ಕೂ ಇರುವ ಸಂಬಂಧ

ಹೊಲದ ಉಡುಪು ಸರಿಯಿಲ್ಲದಿದ್ದರೆ ಆಗುವ ಕೇಡು ಎರಡು ಬಗೆಯದು. ಮೊದಲನೆಯದು ಯಂತ್ರದಿಂದ ಬರುವುದು. ರಾಶಿ ಮಾಡುವ ಯಂತ್ರದ ಬಾಯಿಗಾಗಲಿ, ತಿರುಗುವ ಪಟ್ಟಾಕ್ಕಾಗಲಿ, ಟ್ರಾಕ್ಟರಿನ ತಿರುಗುದಂಡಕ್ಕಾಗಲಿ ಸೀರೆಯ ಸೆರಗು, ಧೋತರದ ಚುಂಗು ಅಥವಾ ಅಂಗಿಯ ಸಡಿಲವಾದ ತೋಳು ಸಿಕ್ಕಿದರೆ ಬಟ್ಟೆಯೊಡನೆ ಕೈಯೂ ಒಳಕ್ಕೆ ಸೆಳೆಯಲ್ಪಡುತ್ತದೆ. ಯಂತ್ರವನ್ನು ನಿಲ್ಲಿಸುವಷ್ಟು ಅವಕಾಶವೂ ಆಗ ದೊರೆಯುವುದಿಲ್ಲ.

ಎರಡನೆಯದು ಕೀಟನಾಶಕಗಳಿಂದ ಬರುವುದು. ಇವು ಮೂಗು ಬಾಯಿಗಳಿಂದ ಮಾತ್ರವೇ ದೇಹವನ್ನು ಸೇರುತ್ತವೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಸಿಂಪರಣೆ ಮಾಡುವವರ ದೇಹಕ್ಕೆ ಚರ್ಮದ ಮೂಲಕವೂ ವಿಷವು ಬಹಳವಾಗಿ ಸೇರುತ್ತದೆ. ತಲೆ, ಕಂಕುಳು, ತೊಡೆಸಂದು ಈ ಭಾಗಗಳ ಚರ್ಮವು ಅದನ್ನು ಬೇಗ ಹೀರಿಕೊಳ್ಳುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಯ ಬೆಳೆಗೆ ಔಷಧಿ ಹೊಡೆಯುತ್ತಿದ್ದ ನೂರಾರು ಮಂದಿ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು; ಅವರಲ್ಲಿ ಅನೇಕರು ಮರಣ ಹೊಂದಿದರು. ಅಂದು ಗಿಡಗಳು ಎತ್ತರವಾಗಿ ಬೆಳೆದಿದ್ದವು. ಮೈಗೆ ತಕ್ಕ ರಕ್ಷಣೆಯಿಲ್ಲದೆ ಅನೇಕರು ಆ ಕೆಲಸಕ್ಕೆ ಇಳಿದಿದ್ದರು.

ಹತ್ತಿಯ ಬಟ್ಟೆಯು ವಿಷದ ನೀರನ್ನು ಸಂಪೂರ್ಣವಾಗಿ ತಡೆಯಲಾರದು ಎಂಬುದನ್ನು ಮೊದಲೇ ತಿಳಿದಿರತಕ್ಕದ್ದು. ಔಷಧಿಯ ಡಬ್ಬಿಯ ಮೇಲೆ ಸೂಚಿಸಿರುವ ಕೈಗವಸು, ಕನ್ನಡಕ, ಮುಖವಾಡ, ನೀರು ಹಿಡಿಯದ ಮುಂಗವಚ ಇವುಗಳಿಗೆ ಮನೆಯ ಅಂಗಿಯು ಬದಲಾಗುವುದಿಲ್ಲ. ಅವುಗಳ ಒಳಗೆ ಇರಬೇಕಾದ ಮೊದಲ ಪದರವಾಗುತ್ತದೆ.

ಸಾಧನಗಳು

ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೆಂಬ ವಚನಕಾರನಿದ್ದನು. ಕಾಯಕದ ಹೆಸರನ್ನೇ ತನ್ನ ಹೆಸರಾಗಿ ಧರಿಸಿದ ಆತನ ನಾಡಿನಲ್ಲಿ ಸೂಜಿ ಹಿಡಿಯುವುದು ಗಂಡಸಿಗಾಗಲಿ ಹೆಂಗಸಿಗಾಗಲಿ ಕೀಳಾದ ಕೆಲಸವಲ್ಲ. ಬೇಕಾದ ಸಾಧನಗಳೂ ಬಹಳವಿಲ್ಲ: ಅಳತೆಯ ಪಟ್ಟಿ, ಬಟ್ಟೆಗೆಂದೇ ಮೀಸಲಾದ ಹರಿತವಾದ ಕತ್ತರಿ, ಗುರುತಿಗೆ ಸುಣ್ಣದ ಬಳಪ, ಗುಂಡುಸೂಜಿಗಳು, ಬೆರಳಿನ ಅಂಗುಸ್ತಾನ, ಹತ್ತಿಯ ಗಟ್ಟಿ ದಾರ.

ಸೂಜಿಯ ಸಂಖ್ಯೆಯಲ್ಲಿ ಹೊಸಬರು ಮೋಸ ಹೋಗುವುದುಂಟು. ಕೈಸೂಜಿಯಲ್ಲಿ ಸಂಖ್ಯೆ ಹೆಚ್ಚಿದಂತೆ ಸೂಜಿಯು ಸಣ್ಣದಾಗುತ್ತದೆ. ಯಂತ್ರದ ಸೂಜಿಯಲ್ಲಿ ಸಂಖ್ಯೆ ಹೆಚ್ಚಿದಂತೆ ದಪ್ಪವಾಗುತ್ತದೆ. ಸಾಧಾರಣ ಹತ್ತಿಯ ಬಟ್ಟೆಗೆ ಯಂತ್ರದಲ್ಲಿ 14ನೆಯ ಸಂಖ್ಯೆಯೂ, ದಪ್ಪನಾದ ಬಟ್ಟೆಗೆ 16ನೆಯದೂ ಒಪ್ಪುತ್ತವೆ.

ತುದಿಯಲ್ಲಿ ಕಣ್ಣುಳ್ಳ ಸೂಜಿಯಿಂದ ಎರಡು ದಾರಗಳನ್ನು ಬೀಗದಂತೆ ಹೆಣೆಯುವ ಯಂತ್ರಕ್ಕೆ ಅಮೆರಿಕದ ಇಲಿಯಾಸ್ ಹೋವ್ ಎಂಬಾತನು 1846ರಲ್ಲಿ ಹಕ್ಕು ಪಡೆದನು. ಯಂತ್ರಗಳ ವಿಷಯದಲ್ಲಿ ಕಠಿಣ ನಿಲುವನ್ನು ತಾಳಿದ್ದ ಮಹಾತ್ಮ ಗಾಂಧಿಯವರು ಸಹ 1924ರಲ್ಲಿ ಹೊಲಿಗೆಯ ಯಂತ್ರವನ್ನು ತಮ್ಮ ಆಕ್ಷೇಪಣೆಯಿಂದ ಹೊರಗಿಟ್ಟರು. ಮನೆಯಲ್ಲಿ ಯಂತ್ರವಿದ್ದರೆ ಕೆಲಸವು ಬೇಗ ಸಾಗುವುದು. ಇಲ್ಲದಿದ್ದರೂ ಇಲ್ಲಿ ಹೇಳಿರುವುದನ್ನೆಲ್ಲ ಕೈಯಿಂದಲೇ ಹೊಲಿಯಬಹುದು.

ಬಟ್ಟೆಯ ಆಯ್ಕೆ ಮತ್ತು ಸಿದ್ಧತೆ

ಮೇಲಂಗಿಗೆ ಒತ್ತಾದ ನೇಯ್ಗೆಯ, ತಿಳಿಬಣ್ಣದ ಹತ್ತಿಯ ಬಟ್ಟೆಯು ಉತ್ತಮ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಎಳೆಗಳ ನಡುವೆ ಬೆಳಕು ಧಾರಾಳವಾಗಿ ತೂರಿಬಂದರೆ ಅದು ಈ ಕೆಲಸಕ್ಕೆ ತಕ್ಕುದಲ್ಲ. ತಿಳಿಬಣ್ಣದಲ್ಲಿ ಔಷಧಿಯ ಕಲೆಯು ಕೂಡಲೆ ಕಣ್ಣಿಗೆ ಬೀಳುವುದು.

ಹೊಸ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಹಿಂಡದೆ ಒಣಗಿಸಿ, ಅನಂತರ ಮಾತ್ರ ಕತ್ತರಿ ಹಾಕತಕ್ಕದ್ದು. ಹತ್ತಿಯ ಬಟ್ಟೆಯು ಮೊದಲ ಒಗೆತದಲ್ಲಿ ಕುಗ್ಗುವುದು ಸಹಜ. ಹೊಲಿದಾದ ಮೇಲೆ ಕುಗ್ಗಿದರೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗುವುದು.

ಬಟ್ಟೆಯಲ್ಲಿ ಉದ್ದಕ್ಕೆ ಸಾಗುವ ಎಳೆಯು ಹಾಸು, ಅಡ್ಡಕ್ಕೆ ಸಾಗುವುದು ಹೊಕ್ಕು. ಹಾಸಿನ ಎಳೆಯು ಮಗ್ಗದ ಮೇಲೆ ಬಿಗಿಯಾಗಿ ನಿಂತಿದ್ದ ಕಾರಣ ಸಾಮಾನ್ಯವಾಗಿ ಹೆಚ್ಚು ಗಟ್ಟಿಯಾಗಿರುತ್ತದೆ. ಅಂಗಿಯ ಉದ್ದವೂ ತೋಳಿನ ಉದ್ದವೂ ಹಾಸಿನ ದಿಕ್ಕಿನಲ್ಲಿಯೇ ಬರಬೇಕು. ಓರೆಯಾಗಿ ಕತ್ತರಿಸಿದ ಬಟ್ಟೆಯು ಜಗ್ಗಿ ಆಕಾರ ಕೆಡುವುದು.

ಅಳತೆ ಮತ್ತು ಕತ್ತರಿಸುವ ಕ್ರಮ

ಬಟ್ಟೆಯನ್ನು ಮೀಟರಿನಲ್ಲಿ ಮಾರಿದರೂ ಹೊಲಿಯುವವರ ಪಟ್ಟಿಯಲ್ಲಿ ಅಂಗುಲವೇ ರೂಢಿಯಾಗಿರುವುದರಿಂದ ಇಲ್ಲಿಯೂ ಅದನ್ನೇ ಬಳಸಲಾಗಿದೆ. 36 ಅಂಗುಲ ಎದೆಯ ಸುತ್ತಳತೆಯುಳ್ಳವರಿಗೆ, 36 ಅಂಗುಲ ಅಗಲದ ಬಟ್ಟೆಯು 2¼ ಮೀಟರು ಸಾಕಾಗುವುದು.

1. ಮೈಭಾಗ: ಎದೆಯ ಸುತ್ತಳತೆಯ ಅರ್ಧಕ್ಕೆ 6 ಅಂಗುಲ ಕೂಡಿಸಿದರೆ ತುಂಡಿನ ಅಗಲವು ದೊರೆಯುವುದು, ಇಲ್ಲಿ ಅದು 24 ಅಂಗುಲ. ಅಂಗಿಯ ಉದ್ದ 30 ಅಂಗುಲ, ಕೆಳಗಿನ ಮಡಿಕೆಗೆ 1½ ಅಂಗುಲ. ಹಿಂದುಮುಂದಿಗೆ ಸೇರಿ ಒಟ್ಟು 63 ಅಂಗುಲ. ಇದನ್ನು ಎರಡು ತುಂಡಾಗಿ ಕತ್ತರಿಸದೆ ಹೆಗಲಿನಲ್ಲಿ ಮಡಿಸುವುದರಿಂದ ಅಲ್ಲಿ ಹೊಲಿಗೆಯೇ ಇರುವುದಿಲ್ಲ. ಸಿಂಪರಣೆಯ ಡಬ್ಬಿಯ ಪಟ್ಟಿಯು ಒತ್ತುವ ಸ್ಥಳವು ಇದೇ ಆದುದರಿಂದ ಇದು ದೊಡ್ಡ ಅನುಕೂಲ.

2. ತೋಳು: ಕತ್ತಿನ ಹಿಂದಿನ ಮೂಳೆಯಿಂದ ಹೆಗಲ ಮೇಲೆ ಹಾಯ್ದು ಮಣಿಕಟ್ಟಿನವರೆಗೆ ಮೊಣಕೈಯನ್ನು ಸ್ವಲ್ಪ ಬಾಗಿಸಿ ಅಳೆದು, ಮೈಭಾಗದ ಅಗಲದ ಅರ್ಧವನ್ನು ಕಳೆದು, ಮಡಿಕೆಗಳಿಗೆಂದು 2½ ಅಂಗುಲ ಕೂಡಿಸತಕ್ಕದ್ದು. ಅದು ಸುಮಾರು 21 ಅಂಗುಲವಾಗುವುದು. ನೆನೆದು ಒಣಗಿದ ಬಟ್ಟೆಯ ಪೂರ್ಣ ಅಗಲವನ್ನು ಸರಿಯಾಗಿ ಎರಡು ಪಾಲು ಮಾಡಿದರೆ ಎರಡು ತೋಳುಗಳು ಸಿದ್ಧವಾಗುವುವು. ಮಣಿಕಟ್ಟಿನ ಕಡೆ ಇಬ್ಬದಿಯಲ್ಲಿಯೂ ಓರೆಯಾಗಿ ತೆಗೆದು 11 ಅಂಗುಲಕ್ಕೆ ಇಳಿಸಬೇಕು.

3. ಉಳಿದ ತುಂಡು: ಮೈಭಾಗದ ಪಕ್ಕದಲ್ಲಿ ಉಳಿಯುವ ಉದ್ದನೆಯ ಪಟ್ಟಿಯಿಂದ ಕಂಕುಳಿಗೆ 4 ಅಂಗುಲದ ಎರಡು ಚೌಕಗಳು, ಎದುರಿನ ಗುಂಡಿಪಟ್ಟಿಗೆ 3 ಅಂಗುಲ ಅಗಲದ ಎರಡು ಪಟ್ಟಿಗಳು, ಕೊರಳಿಗೆ 4 ಅಂಗುಲ ಅಗಲ ಮತ್ತು 20 ಅಂಗುಲ ಉದ್ದದ ಒಂದು ಪಟ್ಟಿ, ಇಷ್ಟನ್ನು ತೆಗೆಯಬಹುದು.

ಕೊರಳಿಗೆ ಹೆಗಲ ಮಡಿಕೆಯ ನಡುವಿನಿಂದ ಎರಡು ಪಕ್ಕಕ್ಕೂ 3 ಅಂಗುಲ, ಮುಂದಕ್ಕೆ 3, ಹಿಂದಕ್ಕೆ 1 ಅಂಗುಲ ಗುರುತು ಮಾಡಿ ದುಂಡಾಗಿ ತೆಗೆಯುವುದು. ಮೊದಲು ಗುರುತಿಗಿಂತ ಚಿಕ್ಕದಾಗಿಯೇ ಕತ್ತರಿಸಿ, ತೊಟ್ಟು ನೋಡಿ, ಬೇಕಾದಷ್ಟು ಹಿಗ್ಗಿಸುವುದು ಜಾಣತನ. ಹೆಚ್ಚಾಗಿ ಕತ್ತರಿಸಿದ ಕೊರಳಿಗೆ ಪರಿಹಾರವಿಲ್ಲ.

ಹೊಲಿಯುವ ಕ್ರಮ

ಹಳೆಯ ಅಂಗಿಯೊಂದನ್ನು ಪರೀಕ್ಷಿಸಿದರೆ ಬಟ್ಟೆ ಸವೆಯುವುದಕ್ಕೆ ಮುಂಚೆಯೇ ಹೊಲಿಗೆ ಬಿಟ್ಟಿರುವುದು ಅನೇಕ ಸಲ ಕಾಣುತ್ತದೆ. ಆದಕಾರಣ ಹೊಲಿಗೆಯ ಬಲವೇ ಅಂಗಿಯ ಆಯುಷ್ಯ. ಮುಂದೆ ಮುಂದೆ ಓಡುವ ಹೊಲಿಗೆಯು ತಾತ್ಕಾಲಿಕ ಜೋಡಣೆಗೆ ಮಾತ್ರ ಸಾಕು. ಭಾರ ಬೀಳುವೆಡೆಗಳಲ್ಲಿ ಪ್ರತಿಯೊಂದು ಸಲವೂ ಸೂಜಿಯನ್ನು ಅರ್ಧ ಹೆಜ್ಜೆ ಹಿಂದಕ್ಕೆ ತಂದು ಮುಂದಕ್ಕೆ ಹಾಯಿಸುವ ಹಿಂಹೊಲಿಗೆಯನ್ನೇ ಹಾಕಬೇಕು. ಇದರಲ್ಲಿ ಒಂದು ಕಡೆ ದಾರ ಹರಿದರೂ ಸಾಲೆಲ್ಲ ಬಿಚ್ಚಿಹೋಗುವುದಿಲ್ಲ.

ಮೊದಲು ಮೈಭಾಗದ ಮುಂಬದಿಯನ್ನು ನಡುವೆ ಮೇಲಿನಿಂದ ಕೆಳಗಿನವರೆಗೆ ಸೀಳಿ, ಎರಡು ಅಂಚುಗಳಿಗೂ ಗುಂಡಿಪಟ್ಟಿಗಳನ್ನು ಜೋಡಿಸಬೇಕು. ತಲೆಯ ಮೇಲಿಂದ ತೆಗೆಯುವ ಅಂಗಿಯಲ್ಲಿ ಔಷಧಿಯಿಂದ ತೊಯ್ದ ಬಟ್ಟೆಯು ಮುಖಕ್ಕೂ ಕಣ್ಣಿಗೂ ಸವರುವುದು. ಎದುರು ತೆರೆಯುವ ಅಂಗಿಯಲ್ಲಿ ಈ ಭಯವಿಲ್ಲ. ಅನಂತರ ಕೊರಳಪಟ್ಟಿ. ಆಮೇಲೆ ತೋಳಿನ ನಡುವನ್ನು ಹೆಗಲ ಮಡಿಕೆಗೆ ಸರಿಹೊಂದಿಸಿ, ತೋಳನ್ನು ಮೈಭಾಗದ ಅಂಚಿಗೆ ಜೋಡಿಸುವುದು.

ಕಂಕುಳಿನ ಚೌಕವೇ ಈ ಅಂಗಿಯ ಜೀವಾಳ. ತೋಳಿನ ಹೊಲಿಗೆಯೂ ಪಕ್ಕದ ಹೊಲಿಗೆಯೂ ಕೂಡುವ ಮೂಲೆಯಲ್ಲಿ ಚೌಕವನ್ನು ಇಟ್ಟು, ಅದರ ಒತ್ತಿನ ಎರಡು ಅಂಚುಗಳನ್ನು ತೋಳಿನ ಎರಡು ಅಂಚುಗಳಿಗೂ, ಉಳಿದೆರಡನ್ನು ಮೈಭಾಗದ ಮುಂದಿನ ಮತ್ತು ಹಿಂದಿನ ಅಂಚುಗಳಿಗೂ ಹೊಲಿಯಬೇಕು. ಈ ಸಣ್ಣ ತುಂಡು ಇದ್ದರೆ ಎರಡು ಕೈಗಳನ್ನೂ ಮೇಲೆತ್ತಿದಾಗ ಅಂಗಿಯು ಸೊಂಟದಿಂದ ಮೇಲೇಳುವುದಿಲ್ಲ, ಹೊಲಿಗೆಯೂ ಬಿಡುವುದಿಲ್ಲ. ಬಳಿಕ ಮಣಿಕಟ್ಟಿನಿಂದ ಚೌಕದವರೆಗೂ, ಚೌಕದಿಂದ ಕೆಳಗಿನ ಅಂಚಿನವರೆಗೂ ಪಕ್ಕಗಳನ್ನು ಹೊಲಿದು, ಒಳಗಿನ ಹಸಿ ಅಂಚುಗಳನ್ನು ಮಡಿಸಿ ಇನ್ನೊಂದು ಸಾಲು ಒತ್ತಿ ಹೊಲಿಯತಕ್ಕದ್ದು.

ಮಣಿಕಟ್ಟಿನ ಮಡಿಕೆಯೊಳಗೆ ಎಲಾಸ್ಟಿಕ್ ಪಟ್ಟಿಯನ್ನು ಸೇರಿಸಬೇಕು. ಜೋಲುವ ಲಾಡಿಯಾಗಲಿ ಹೊರಜೇಬಾಗಲಿ ಬೇಡ: ಲಾಡಿಯು ಯಂತ್ರಕ್ಕೆ ಸಿಕ್ಕೀತು, ಜೇಬಿನಲ್ಲಿ ಔಷಧಿ ನಿಂತೀತು. ಸೀರೆಯುಟ್ಟವರು ಸೆರಗನ್ನು ಅಂಗಿಯ ಒಳಗೆ ಸೇರಿಸಿಯೇ ಗುಂಡಿ ಹಾಕಿಕೊಳ್ಳತಕ್ಕದ್ದು.

ಹತ್ತಿಯ ಉಡಿಚೀಲ

ಹತ್ತಿ ಬಿಡಿಸುವ ಹೆಂಗಸರು ಸೀರೆಯ ಉಡಿಯಲ್ಲಿ ಅಥವಾ ನಡುವಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಹತ್ತಿಯನ್ನು ತುಂಬುವುದುಂಟು. ಪ್ಲಾಸ್ಟಿಕ್ ಚೀಲದ ಎಳೆಗಳೂ, ಗೋಣಿಯ ನಾರೂ, ತಲೆಗೂದಲೂ ಹತ್ತಿಯಲ್ಲಿ ಬೆರೆತರೆ ಗಿರಣಿಯಲ್ಲಿ ಬೇರ್ಪಡಿಸುವುದು ಬಹು ಕಷ್ಟ. ಬಣ್ಣ ಹಾಕಿದಾಗ ಆ ಎಳೆಗಳು ಬಣ್ಣ ಹಿಡಿಯದೆ ಕಲೆಯಾಗಿ ನಿಲ್ಲುತ್ತವೆ. ಹೀಗೆ ಒಳ್ಳೆಯ ಹತ್ತಿಯೂ ತನ್ನ ಬೆಲೆಯನ್ನು ಕಳೆದುಕೊಳ್ಳುವುದು. ಹತ್ತಿಯ ಚೀಲವು ಹತ್ತಿಯ ಬಟ್ಟೆಯದೇ, ಹತ್ತಿಯ ದಾರದಿಂದಲೇ ಹೊಲಿದದ್ದೇ ಆಗಿರಬೇಕು. ತಲೆಗೆ ಬಟ್ಟೆಯೊಂದನ್ನು ಕಟ್ಟಿಕೊಳ್ಳುವುದೂ ಅವಶ್ಯ.

36 ಅಂಗುಲ ಅಗಲದ ಬಟ್ಟೆ 1 ಮೀಟರು ಸಾಕು. ನೆನೆಸಿ ಒಣಗಿಸಿದ ಮೇಲೆ 37 ಅಂಗುಲ ಉದ್ದ, 24 ಅಂಗುಲ ಅಗಲದ ತುಂಡನ್ನು ತೆಗೆಯುವುದು. ಒಂದು ತುದಿಯಲ್ಲಿ ಸೊಂಟಪಟ್ಟಿ ಹಾಯುವಂತೆ 1½ ಅಂಗುಲವನ್ನೂ, ಇನ್ನೊಂದು ತುದಿಯಲ್ಲಿ ಬಾಯಿಗೆ 1 ಅಂಗುಲವನ್ನೂ ಮಡಿಸಿ ಹೊಲಿದ ಮೇಲೆ, ಮುಂಬದಿ 15 ಅಂಗುಲ ಎತ್ತರಕ್ಕೆ ಬರುವಂತೆ ತುಂಡನ್ನು ಮೇಲಕ್ಕೆ ಮಡಿಸಿ ಎರಡು ಪಕ್ಕಗಳನ್ನೂ ಜೋಡಿ ಸಾಲಿನಲ್ಲಿ ಹೊಲಿಯಬೇಕು. ಬಾಯಿಯು ಸೊಂಟಕ್ಕಿಂತ ನಾಲ್ಕೈದು ಅಂಗುಲ ಕೆಳಗೆ ನಿಲ್ಲುವುದರಿಂದ ಬಗ್ಗದೆಯೇ ಕೈ ಸುಲಭವಾಗಿ ಒಳಕ್ಕೆ ಹೋಗುವುದು. ಬಾಯಿಯ ಎರಡು ಮೂಲೆಗಳಿಗೆ ಭಾರವು ಹೆಚ್ಚು. ಅಲ್ಲಿ ಮೂರು ನಾಲ್ಕು ಸಲ ಹಿಂಹೊಲಿಗೆ ಹಾಕಬೇಕು. ಉಳಿದ ಪಟ್ಟಿಯನ್ನು ಸೀಳಿ ಸೊಂಟಕ್ಕೂ ಹೆಗಲಿಗೂ ಪಟ್ಟಿಗಳನ್ನು ಮಾಡಿಕೊಂಡರೆ ಭಾರವೆಲ್ಲ ನಡುವಿನ ಮೇಲೆಯೇ ಬೀಳದೆ ಹಂಚಿಹೋಗುವುದು.

ಒಗೆತ, ದುರಸ್ತಿ ಮತ್ತು ಕೌದಿ

ಸಿಂಪರಣೆಯ ಅಂಗಿಯನ್ನು ಅಂದಂದೇ, ಮನೆಯ ಇತರ ಬಟ್ಟೆಗಳೊಡನೆ ಬೆರಸದೆ, ಕೈಗವಸು ಹಾಕಿಕೊಂಡು, ಬೇರೆ ಪಾತ್ರೆಯಲ್ಲಿ ಸಾಬೂನಿನಿಂದ ಒಗೆದು ಬಿಸಿಲಿಗೆ ಹಾಕಬೇಕು. ಕೆರೆ, ಕಾಲುವೆ, ಬಾವಿಯ ಕಟ್ಟೆಗಳಲ್ಲಿ ಒಗೆಯಲೇ ಕೂಡದು. ಚೀಲಕ್ಕೂ ಬಿತ್ತನೆಗೂ ಉಪಯೋಗಿಸುವ ಬಟ್ಟೆಗಳನ್ನು ಅದರೊಡನೆ ಒಂದೇ ಗಳುವಿನ ಮೇಲೆ ಹಾಕಬಾರದು.

ಸವೆದ ಅರಿವೆಯನ್ನು ಎಸೆಯದೆ ಪದರ ಪದರವಾಗಿ ಹೊಲಿದು ಕೌದಿ ಮಾಡುವುದು ಉತ್ತರ ಕರ್ನಾಟಕದ ಮನೆಗಳಲ್ಲಿ ಬಹುಕಾಲದಿಂದ ಬಂದ ಪದ್ಧತಿ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಪ್ರದೇಶಗಳ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಪ್ರಾರಂಭಿಸಿ ಸುತ್ತುಸುತ್ತಾಗಿ ನಡುವಿಗೆ ಬರುವಂತೆ ಕೌದಿಯನ್ನು ಹೊಲಿಯುತ್ತಾರೆ. ಕಡೆಯಲ್ಲಿ ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂಗಳನ್ನು ಇಡುತ್ತಾರೆ. ಸೂಜಿಗೆ ಹೊಸಬರಾದವರು ಕೈ ಪಳಗಿಸಿಕೊಳ್ಳಲು ಕೌದಿಗಿಂತ ಒಳ್ಳೆಯ ಪಾಠವಿಲ್ಲ.

ಆದರೆ ಒಂದು ಎಚ್ಚರಿಕೆಯನ್ನು ಯಾವ ಕಾರಣಕ್ಕೂ ಮರೆಯತಕ್ಕದ್ದಲ್ಲ. ಔಷಧಿ ಹೊಡೆಯುವಾಗ ತೊಟ್ಟ ಅಂಗಿಯು ಎಷ್ಟು ಸಲ ಒಗೆದಿದ್ದರೂ ಕೌದಿಗೆ ಸೇರಕೂಡದು. ಆ ಕೌದಿಯ ಮೇಲೆ ಮಲಗುವುದು ಮನೆಯ ಕೂಸು. ಅಂತಹ ಅಂಗಿಯ ಕೊರಳಪಟ್ಟಿಯ ಒಳಬದಿಗೆ ಹೊಲಿಯುವ ದಿನವೇ ಕೆಂಪು ದಾರದಿಂದ ಗುರುತೊಂದನ್ನು ಹಾಕಿಟ್ಟರೆ, ವರ್ಷಗಳ ನಂತರ ಹಳೆಯ ಬಟ್ಟೆಗಳ ಗಂಟನ್ನು ಬಿಚ್ಚುವ ಕೈಗೆ ಅದು ತಪ್ಪದೆ ತಿಳಿಯುವುದು.

ಬೇಸಗೆಯಲ್ಲಿ ಹೊಲದ ಕೆಲಸವು ಕಡಮೆಯಿರುವಾಗ ಈ ಹೊಲಿಗೆಯನ್ನು ಮುಗಿಸಿಕೊಂಡರೆ, ಮುಂಗಾರು ಬರುವಷ್ಟರಲ್ಲಿ ಬೀಜದೊಡನೆ ಅಂಗಿಯೂ ಸಿದ್ಧವಾಗಿರುವುದು.