ಮೂಗುತಿಯ ಕಥೆಯೂ ಕಿರುತೆರೆಯೂ

ಪುಷ್ಯ ಬಹುಳ ಅಮಾವಾಸ್ಯೆಯು ಶ್ರೀ ಪುರಂದರದಾಸರ ಪುಣ್ಯದಿನ. ದಾಸರು 1564ರಲ್ಲಿ ಹಂಪೆಯಲ್ಲಿ ಹರಿಪಾದವನ್ನು ಸೇರಿದರೆಂಬುದು ಸಂಪ್ರದಾಯದ ನಂಬಿಕೆ. ಆರಾಧನೆಯ ಸಂದರ್ಭದಲ್ಲಿ ನಮ್ಮ ಮನೆಗಳಲ್ಲಿ ತಪ್ಪದೆ ನೆನೆಯುವ ಕಥೆಯೆಂದರೆ ಸರಸ್ವತೀಬಾಯಿಯವರ ಮೂಗುತಿಯದು. ಇತ್ತೀಚೆಗೆ ಕಿರುತೆರೆಯ ಧಾರಾವಾಹಿಯೊಂದರಲ್ಲಿ ಆ ಕಥೆಯನ್ನು ಶ್ರದ್ಧೆಯಿಂದಲೇ ನೋಡಲು ಕುಳಿತ ನಮಗೆ ನಿರಾಶೆಯಾಯಿತು. ಅದರ ಕಾರಣವನ್ನು ವಿಚಾರಿಸುವುದು ದೂಷಣೆಗಾಗಿ ಅಲ್ಲ. ಕಥೆಯ ತಿರುಳೆಲ್ಲಿದೆಯೆಂಬುದನ್ನು ಅರಿಯುವುದಕ್ಕಾಗಿ.

ಕಥೆ ಎಲ್ಲರೂ ಬಲ್ಲುದೇ. ಮಗನ ಉಪನಯನಕ್ಕೆ ಹಣ ಬೇಡಿ ಬಂದ ವೃದ್ಧ ಬ್ರಾಹ್ಮಣನನ್ನು ಶ್ರೀನಿವಾಸನಾಯಕರು ಇಂದು ನಾಳೆ ಎಂದು ತಿಂಗಳುಗಟ್ಟಲೆ ಅಲೆಸಿದರು. ಆತನು ಮನೆಯ ಬಾಗಿಲಿಗೆ ಬಂದಾಗ ಸರಸ್ವತೀಬಾಯಿಯವರು ತವರಿನವರು ಕೊಟ್ಟ ಮೂಗುತಿಯನ್ನು ದಾನವಿತ್ತರು. ಅದು ಪುನಃ ನಾಯಕರ ಅಂಗಡಿಗೇ ಬಂದಿತು. ಮನೆಯಲ್ಲಿ ಪ್ರಶ್ನೆಗೆ ಸಿಲುಕಿದ ಸಾಧ್ವಿಯು ವಿಷದ ಬಟ್ಟಲನ್ನೆತ್ತಲು ಮೂಗುತಿಯು ಅದರೊಳಗೆ ಬಿದ್ದಿತು. ಅಂಗಡಿಯ ಪೆಟ್ಟಿಗೆ ಬರಿದಾಗಿದ್ದಿತು. ನಾಯಕರು ಸರ್ವಸ್ವವನ್ನೂ ಕೃಷ್ಣಾರ್ಪಣ ಮಾಡಿ, ಶ್ರೀ ವ್ಯಾಸರಾಜರಿಂದ ದಾಸದೀಕ್ಷೆಯನ್ನು ಪಡೆದರು.

ಧಾರಾವಾಹಿಯಲ್ಲಿಯಾದರೋ ಆಕೆಯು ಪತಿಯು ನಿದ್ರಿಸುತ್ತಿದ್ದಾಗ ಆತನ ಪೆಟ್ಟಿಗೆಯಿಂದ ಆಭರಣವನ್ನು ಮರೆಯಾಗಿ ತೆಗೆಯುತ್ತಾಳೆ. ಕುತೂಹಲ ಹೆಚ್ಚಿಸಲು ಹೀಗೆ ಮಾಡಿರಬಹುದು. ಆದರೆ ದಾನವು ಚೌರ್ಯವಾಯಿತು! ತಂದೆ, ತಾಯಿ, ಪತಿ, ಸಹೋದರರು ಕೊಟ್ಟುದು ಸ್ತ್ರೀಧನವೆಂದು ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ಆ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದುದು ನಮ್ಮ ಕಲ್ಯಾಣದಲ್ಲಿಯೇ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ತನ್ನದಾದುದನ್ನೇ ಕೊಟ್ಟುದರಿಂದ ಆಕೆಯ ದಾನ ಶುದ್ಧವಾದುದು. ತವರಿನ ಮೂಗುತಿಯೆಂಬ ಸಣ್ಣ ವಿವರವನ್ನು ಹಿರಿಯರು ಇಷ್ಟು ಜೋಪಾನವಾಗಿ ಉಳಿಸಿಕೊಂಡು ಬಂದುದು ಇದಕ್ಕಾಗಿಯೇ ಎಂದು ತೋರುತ್ತದೆ.

ಎರಡನೆಯದು, ಪವಾಡದ ಅತಿರೇಕ. ಗುಡುಗು, ಮಿಂಚು, ಪ್ರಭಾವಳಿಗಳ ನಡುವೆ ನಾಯಕರ ಮನಸ್ಸು ಕರಗಿದ ಕ್ಷಣವೇ ಕಾಣದಾಯಿತು. ನಮ್ಮೊಡನೆ ನೋಡುತ್ತಿದ್ದ ಮೊಮ್ಮಗಳು, "ಅಜ್ಜಾ, ದೇವರಿಗೆ ಇಷ್ಟೆಲ್ಲ ಶಕ್ತಿಯಿದ್ದರೆ ಭಿಕ್ಷೆ ಏಕೆ ಬೇಡಿದ?" ಎಂದು ಕೇಳಿದಳು. ಕಥೆಯ ಹೃದಯವೇ ಆ ಪ್ರಶ್ನೆ. ಧಾರಾವಾಹಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಶ್ರೀಹರಿಯೊಬ್ಬನೇ ಸ್ವತಂತ್ರ. ಆತನಿಗೆ ಯಾವ ಕೊರತೆಯೂ ಇಲ್ಲ. ಕೊರತೆಯಿದ್ದುದು ನಾಯಕರಿಗೆ. ತಾನು ಅನುಗ್ರಹಿಸುವವನ ಧನವನ್ನು ಮೆಲ್ಲನೆ ತೆಗೆದುಕೊಳ್ಳುವೆನೆಂಬ ಅರ್ಥದ ಭಗವದ್ವಚನ ಭಾಗವತದ ದಶಮಸ್ಕಂಧದಲ್ಲಿದೆ. ಬೇಡಲು ಬಂದವನು ನಿಜವಾಗಿ ಕೊಡಲು ಬಂದಿದ್ದನು. ಇದನ್ನು ಹೇಳಿದಾಗ ಮಗು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಜ್ಜಿಗೆ ಅದು ಮೊದಲೇ ಗೊತ್ತಿತ್ತೇ?" ಎಂದಳು. ಸರಸ್ವತೀಬಾಯಿಯವರು ಅವಳಿಗೆ ಆಗಲೇ ಅಜ್ಜಿಯಾಗಿದ್ದರು! ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ಕೊಟ್ಟರು. ಅದೇ ಅವರ ಹಿರಿಮೆ.

ಕಥೆಯನ್ನು ಹೊಸದಾಗಿ ಹೇಳುವುದೇ ತಪ್ಪೆಂದು ನಮ್ಮ ಅಭಿಪ್ರಾಯವಲ್ಲ. ಹರಿಕಥಾದಾಸರು ತಲೆಮಾರುಗಳಿಂದ ಅದನ್ನು ವಿಸ್ತರಿಸಿ ಹೇಳಿದ್ದಾರೆ. 1964ರಲ್ಲಿ 'ನವಕೋಟಿ ನಾರಾಯಣ' ಚಲನಚಿತ್ರವೂ ಬಂದಿತು. ವಿಸ್ತಾರವು ತಿರುಳನ್ನು ಬೆಳಗಿದರೆ ಭೂಷಣ, ಮುಚ್ಚಿದರೆ ದೋಷ. ತಾವು ದಾಸರಾಗಲು ಗೃಹಿಣಿಯೇ ಕಾರಣಳೆಂದು ದಾಸರು ಪದವೊಂದರಲ್ಲಿ ಕೃತಜ್ಞತೆಯಿಂದ ಸ್ಮರಿಸಿರುವಾಗ, ಆಕೆಯನ್ನು ಕೇವಲ ಕಣ್ಣೀರಿನ ಪಾತ್ರವಾಗಿಸುವುದು ಉಚಿತವಲ್ಲ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಕ್ಕಳು ಕಿರುತೆರೆಯಲ್ಲಿ ನೋಡಲಿ. ನೋಡಿದ ಬಳಿಕ ಹಿರಿಯರು ದೀಪದ ಮುಂದೆ ಕುಳಿತು ಒಮ್ಮೆ ಬಾಯಾರೆ ಹೇಳಲಿ. ಮೂಗುತಿ ಎಲ್ಲಿ ಮಾಯವಾಯಿತೆಂಬುದಕ್ಕಿಂತ ಅದನ್ನು ಕೊಟ್ಟ ಕೈ ಯಾವುದೆಂಬುದು ಅವರ ನೆನಪಿನಲ್ಲಿ ಉಳಿಯಲಿ.

ಶ್ರೀಕೃಷ್ಣಾರ್ಪಣಮಸ್ತು