ಗೃಹಕೃತ್ಯದ ಒಂದು ಪಾಠ: ಕೇಕಿನ ಮೇಲಣ ಬಣ್ಣ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಮಕ್ಕಳ ಹುಟ್ಟುಹಬ್ಬ ಸಮೀಪಿಸಿದೊಡನೆ ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: “ಟೀಚರಮ್ಮಾ, ಐಸಿಂಗಿಗೆ ಯಾವ ಬಣ್ಣ ಹಾಕಲಿ?” ಪ್ರಶ್ನೆ ಚಿಕ್ಕದು, ಉತ್ತರವು ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದುದು.

2024ರ ಮಾರ್ಚಿಯಲ್ಲಿ ನಮ್ಮ ಸರ್ಕಾರವು ಬಾಂಬೆ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಎಂಬ ಬಣ್ಣವನ್ನು ಕಂಡು ಅದನ್ನು ನಿಷೇಧಿಸಿತು. ಅದೇ ವರ್ಷ ಪರೀಕ್ಷಿಸಿದ 235 ಕೇಕುಗಳ ಮಾದರಿಗಳಲ್ಲಿ 12 ಅಸುರಕ್ಷಿತವೆಂದು ತಿಳಿದುಬಂದಿತು. ಅನುಮತಿಯುಳ್ಳ ಬಣ್ಣಗಳಿಗೂ ಮಿತಿಯುಂಟು. ಒಂದು ಕಿಲೋ ತಿನಿಸಿಗೆ 100 ಮಿಲಿಗ್ರಾಂ ಮೀರಕೂಡದು. ಕೈಯಳತೆಯ ಒಂದು ಚಿಟಿಕೆ ಪುಡಿಯೇ ಈ ಮಿತಿಯನ್ನು ದಾಟಬಲ್ಲದು. ಆದುದರಿಂದ ಹೆಸರಿಲ್ಲದ ಬಣ್ಣದ ಪೊಟ್ಟಣವನ್ನು ಎಂದಿಗೂ ಕೊಳ್ಳತಕ್ಕದ್ದಲ್ಲ.

ಮನೆಯಲ್ಲಿಯೇ ಬಣ್ಣ ಮಾಡುವುದು ಕಷ್ಟವಲ್ಲ. ಮೊದಲು 100 ಗ್ರಾಂ ಬೆಣ್ಣೆಯನ್ನು ಚೆನ್ನಾಗಿ ನಾದಿ, ಜರಡಿ ಹಿಡಿದ 200 ಗ್ರಾಂ ಸಕ್ಕರೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿರಿ. ಎಮ್ಮೆಯ ಬೆಣ್ಣೆ ಬೆಳ್ಳಗಿರುವುದರಿಂದ ಅದರಲ್ಲಿ ಬಣ್ಣಗಳು ಶುದ್ಧವಾಗಿ ಕಾಣುತ್ತವೆ.

ಕೆಂಪು: ನಾವು ಮೊದಲ ಸಲ ಬೀಟ್‌ರೂಟಿನ ಹಸಿರಸವನ್ನೇ ಸುರಿದೆವು. ಐಸಿಂಗ್ ನೀರಾಗಿ ಕೇಕಿನ ಪಕ್ಕಗಳಿಂದ ಇಳಿದುಹೋಯಿತು. ಹುಡುಗಿಯರು ನಕ್ಕರು, ನಾವೂ ನಕ್ಕೆವು. ತಪ್ಪು ರಸದ್ದಲ್ಲ, ನೀರಿನದು. ಗಡ್ಡೆಯನ್ನು ತೆಳ್ಳಗೆ ಹೆಚ್ಚಿ, ನೆರಳಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಪುಡಿಮಾಡಿ, ಬಟ್ಟೆಯಲ್ಲಿ ಸೋಸಿರಿ. ಅರ್ಧ ಚಮಚ ಗುಲಾಬಿ ಬಣ್ಣಕ್ಕೆ ಸಾಕು. ಎರಡು ಹನಿ ನಿಂಬೆರಸ ಬಣ್ಣವನ್ನು ಹಿಡಿದಿಡುತ್ತದೆ. ಬೆಂಕಿಯ ಕಾವು ಅದನ್ನು ಮಂಕಾಗಿಸುತ್ತದೆ. ಅಂಗಡಿಯ ಕಡುಗೆಂಪು ಮಾತ್ರ ಇದರಿಂದ ಬಾರದು.

ಹಳದಿ: ಮಾವಿನ ಕಾಲದಲ್ಲಿ ಶ್ರೀನಿವಾಸಪುರದವರಿಗೆ ಬೇರೆ ಬಣ್ಣವೇತಕ್ಕೆ? ಹಣ್ಣಿನ ತಿರುಳನ್ನು ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಕಾಯಿಸಿ, ಪೂರ್ಣವಾಗಿ ಆರಿದ ಮೇಲೆ ಬೆರೆಸಿರಿ. ಉಳಿದ ಕಾಲದಲ್ಲಿ ಅರಿಸಿನದ ಕೊಂಬನ್ನು ಮನೆಯಲ್ಲಿಯೇ ಕುಟ್ಟಿ, ಒಂದು ಚಿಟಿಕೆಯನ್ನು ಕರಗಿದ ಬೆಣ್ಣೆಯಲ್ಲಿ ಕದಡಿ ಹಾಕಿರಿ. ಅದರ ಬಣ್ಣ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಬಿಡುತ್ತದೆ. ಸೋಡ ತಗಲಿದರೆ ಅರಿಸಿನ ಕೆಂಪಾಗುವುದೆಂಬುದನ್ನು ಮರೆಯಬೇಡಿ.

ನೀಲಿ: ಶಂಖಪುಷ್ಪದ ಹತ್ತು ಹೂಗಳನ್ನು ಎರಡು ಚಮಚ ಬಿಸಿನೀರಿನಲ್ಲಿ ನೆನೆಸಿ ಹಿಂಡಿರಿ. ಇದನ್ನು ಬೆಣ್ಣೆಗೆ ಹಾಕದೆ ಬರಿಯ ಸಕ್ಕರೆ ಪುಡಿಯಲ್ಲಿ ಕಲಸುವುದು ಲೇಸು. ಹಸುವಿನ ಬೆಣ್ಣೆಯ ಹಳದಿ ಸೇರಿದರೆ ನೀಲಿ ಹಸುರಾಗುತ್ತದೆ. ನಿಂಬೆರಸ ಬಿದ್ದೊಡನೆ ಇದೇ ನೀಲಿ ನೇರಳೆಯಾಗುವುದನ್ನು ಮಕ್ಕಳಿಗೆ ತೋರಿಸಿರಿ. ಪಾಠಶಾಲೆಯಲ್ಲಿ ಕಲಿತ ಆಮ್ಲದ ಪಾಠ ಅಡಿಗೆಮನೆಯಲ್ಲಿ ನೆನಪಿಗೆ ಬರುವುದು.

ಈ ಬಣ್ಣಗಳು ಬೆಳಕಿನಲ್ಲಿ ಮಾಸುವುದರಿಂದ ಕೇಕನ್ನು ಅಂದೇ ಅಲಂಕರಿಸುವುದು ಉತ್ತಮ. ಅಂಗಡಿಯದನ್ನೇ ತರಬೇಕಾದಾಗ ಪೊಟ್ಟಣದ ಮೇಲಣ ಅಂಕೆಗಳನ್ನು ಓದಿರಿ: 102, 110, 122, 124 ಎಂದಿದ್ದರೆ ಅವು ಕೃತಕ ಬಣ್ಣಗಳು.

ತಾಯಂದಿರೇ, ಮಗುವು ಕೇಕಿನ ಹೊಳಪನ್ನು ನೋಡಿ ಕೈ ಚಾಚುತ್ತದೆ; ಅದರಲ್ಲಿರುವುದನ್ನು ನೋಡಿ ಕೊಡತಕ್ಕವರು ನಾವು. ತುಸು ಮಂಕಾದ ಗುಲಾಬಿ ಬಣ್ಣಕ್ಕಾಗಿ ನಾಚಬೇಕಾದುದಿಲ್ಲ.